ಅವ್ವನಿಗೆ ಓದಿದ ಒಂದು ವಚನ

ಇವತ್ತು ನೂಲಿಗೆ ಗಂಜಿ ಹಾಕುವಾಗ ಆ ಹುಳಿ ವಾಸನೆಗೆ ಬೆಟಗೇರಿಯ ಹಳೆ ಮನೆ ನೆನಪಾಯಿತು. ಕರ್ನಾಟಕ ಒಂದಾಯಿತೆಂದು ಓಣಿಯಲ್ಲಿ ಪೇಡೆ ಹಂಚಿದ ವಾರವೇ ಮನೆಯ ಮಗ್ಗದ ಕೆಲಸಕ್ಕೆಂದು ನನ್ನನ್ನು ಶಾಲೆ ಬಿಡಿಸಿದರು. ಓದು ಬಾರದ ಅವ್ವ ದಿನಾ ಮಗ್ಗದಲ್ಲಿ ಕುಳಿತು ನನ್ನಿಂದ ಬೈಬಲ್ ಓದಿಸುತ್ತಿದ್ದಳು. ಶಾಲೆ ಬಿಡಿಸಿದ ದಿನ ಸಿಟ್ಟಿಗೆ ಇಡೀ ಅಧ್ಯಾಯವನ್ನು ಒಂದೇ ಉಸಿರಿಗೆ ಓದಿ ಮುಗಿಸಿದೆ.

ಅವ್ವ ಲಾಳಿ ನಿಲ್ಲಿಸಿದಳು. “ರೊಟ್ಟಿ ಅಗದ ತಿಂತಿ, ಇದನ್ನ ಯಾಕ ನುಂಗತಿ? ಒಂದ ವಚನ ಓದು, ಸಾಕು.”

“ಓದಿದ್ರ ಸಾಲಿ ತಿರುಗಿ ಸಿಗತೈತೇನು?”

“ಇಲ್ಲ ಬಿಡವಾ. ಆದ್ರ ಒಂದ ವಚನ ಸಿಕ್ರ ನಾ ಸಂಜಿತನಕ ಅದನ್ನ ಹಿಡಕೊಂಡ ನೇಯತೇನಿ.”

“ದೇವರೇ, ಇನ್ನೆಷ್ಟು ಕಾಲ ನನ್ನನ್ನು ಮರೆತಿರುವೆ?” ಎಂಬ ಒಂದೇ ವಚನವನ್ನು ನಿಧಾನವಾಗಿ ಓದಿದೆ. ಅವ್ವ ದಿನವಿಡೀ ಅದನ್ನೇ ಗುನುಗಿದಳು. ಕೇಳಿ ಕೇಳಿ ನನಗೆ ಅಳು ಬಂತು.

ಈಗ ಅವ್ವ ಇಲ್ಲ. ಮೈ ದಣಿದಿದೆ, ಸಿಟ್ಟು ಹೋಗಿಲ್ಲ. ಆ ಸಿಟ್ಟನ್ನೂ ದೇವರೆದುರೇ ಇಟ್ಟು, ಒಂದೇ ವಚನ ಓದಲು ಕೂರುತ್ತೇನೆ.