ರಸ್ತೆಯಲ್ಲಿ ನಾನಿಟ್ಟ ಕಲ್ಲು

ನನ್ನ ತಂಗಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂದು ನಮ್ಮೂರಿನಲ್ಲಿ ಯಾರಾದರೂ ಈಗಲೂ ಅಂದರೆ ನನಗೆ ಮೈ ಉರಿಯುತ್ತದೆ. ಹಾಗೆ ಮೊದಲು ಅಂದವರಲ್ಲಿ ನಾನೂ ಒಬ್ಬಳು ಎಂಬುದು ನೆನಪಾದರೆ ಇನ್ನಷ್ಟು ಉರಿಯುತ್ತದೆ.

ನಾನು ಓದಿದ್ದು ಏಳನೆಯ ತರಗತಿಯವರೆಗೆ. ತಂಗಿ ಹಿರೇಕೆರೂರಿನ ಕಾಲೇಜಿಗೆ ಹೋಗುತ್ತಾಳೆ. ಬಸ್ಸಿಗೆ ಹೋದರೆ ಮೊದಲ ಪಾಠ ತಪ್ಪುತ್ತದೆಂದು, ಹದಿನೆಂಟು ತುಂಬಿದ ಮೇಲೆ ಅಪ್ಪ ಹಳೆಯ ಸ್ಕೂಟರ್ ಕೊಡಿಸಿದ. ಲೈಸೆನ್ಸಿಗೆಂದು ಅವಳು ರಸ್ತೆ ನಿಯಮಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ತೆನೆ ಸುಲಿಯುತ್ತ ಕೇಳಿ ಕೇಳಿ ನನಗೂ ಬಾಯಿಪಾಠವಾಗಿದ್ದವು. ಎಡಕ್ಕೇ ಇರಬೇಕು. ತಿರುವಿನಲ್ಲಿ ಮುಂದಿನ ವಾಹನವನ್ನು ದಾಟಬಾರದು. ರಸ್ತೆಯ ಮೇಲೆ ಅಡ್ಡಿಯಾಗುವ ಏನನ್ನೂ ಇಡಬಾರದು. ಎದುರಿನ ದೀಪ ಕಣ್ಣಿಗೆ ಹೊಡೆದರೆ ವೇಗ ತಗ್ಗಿಸಿ ಎಡಕ್ಕೆ ಸರಿಯಬೇಕು. ಪರೀಕ್ಷೆಯ ದಿನ ಒಂದು ಸಲವೂ ಕಾಲೂರದೆ ಎಂಟರ ಆಕಾರದಲ್ಲಿ ಗಾಡಿ ತಿರುಗಿಸಿ ಬಂದಳು. ಇಷ್ಟು ಕಲಿತ ಹುಡುಗಿಯ ದಾರಿಗೆ ಕಲ್ಲು ಇಟ್ಟವಳು ನಾನು.

ಗೋವಿನಜೋಳ ಬಂದ ಕಾಲದಲ್ಲಿ ನಾವು ಅದನ್ನು ಡಾಂಬರಿನ ಮೇಲೆ ಹರವಿ ಒಣಗಿಸುತ್ತೇವೆ, ರಸ್ತೆ ನಮ್ಮಪ್ಪನ ಮನೆಯದು ಅನ್ನುವಂತೆ! ಗಾಲಿ ಹಾಯಬಾರದೆಂದು ಸುತ್ತ ಕಲ್ಲು ಜೋಡಿಸುತ್ತೇವೆ. ಆ ದಿನ ತಂಗಿ ಕಾಲೇಜಿಗೆ ಹೋದ ಮೇಲೆ ನಮ್ಮ ಹೊಲದ ಮುಂದೆ ಮೊದಲ ಸಲ ನಾನೇ ಹರವಿದೆ. ಸಂಜೆ ಕಾಳನ್ನು ಬದಿಗೆ ರಾಶಿ ಮಾಡಿ ತಾಡಪತ್ರಿ ಹೊದಿಸಿದೆ. ಸಣ್ಣ ಕಲ್ಲುಗಳನ್ನು ಎತ್ತಿ ಬದಿಗೆ ಹಾಕಿದೆ, ಮೂಲೆಯ ದೊಡ್ಡ ಕಲ್ಲೊಂದನ್ನು ಮಾತ್ರ ತೆಗೆಯಲಿಲ್ಲ. ನಾಳೆ ಮತ್ತೆ ಇಡಬೇಕಲ್ಲ ಎಂಬ ಸೋಮಾರಿತನ.

ಹೊತ್ತು ಮುಳುಗುವಾಗ ತಂಗಿ ಬಂದಳು. ಎದುರಿನಿಂದ ಒಂದು ಟೆಂಪೋ ದೊಡ್ಡ ದೀಪ ಹಾಕಿಕೊಂಡೇ ನುಗ್ಗಿತು. ಅವಳು ವೇಗ ತಗ್ಗಿಸಿ ಎಡಕ್ಕೆ ಸರಿದಳು. ಮುಂದಿನ ಗಾಲಿ ಅವಳ ಕಣ್ಣಿಗೆ ಕಾಣದ ಆ ಕಲ್ಲಿಗೆ ಬಡಿಯಿತು. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು, ಬಲಗೈ ಮುರಿಯಿತು. ನಾನು ಹೊಲದಿಂದ ಓಡಿ ಬರುವಷ್ಟರಲ್ಲಿ ನಾಲ್ಕಾರು ಗಂಡಸರು ಸೇರಿದ್ದರು.

"ಎರಡೂ ಕಾಲು ಚಾಚಿ ಬ್ರೇಕ್ ಹಾಕ್ತಾವ್ರಿ ಇವು!" ಅಂದ ಒಬ್ಬ.

"ಹೆಣ್ಣಹುಡುಗ್ಯಾರ ಕೈಯಾಗ ಗಾಡಿ ಕೊಟ್ರ ಇನ್ನೇನಾಕ್ಕೈತಿ?" ಅಂದ ಮತ್ತೊಬ್ಬ.

ಅವರು ಅವಳನ್ನು ಎತ್ತುತ್ತಿದ್ದಾಗ ನಾನು ಮಾಡಿದ್ದೇನು? ಕಲ್ಲನ್ನು ಕಾಲಿನಿಂದ ಬದಿಯ ತಗ್ಗಿಗೆ ಉರುಳಿಸಿದೆ. ಆಮೇಲೆ ಎಲ್ಲರಿಗಿಂತ ಗಟ್ಟಿಯಾಗಿ, "ನೋಡಿ ಓಡಸಬೇಕಿಲ್ಲೇನ ನೀ?" ಅಂದೆ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ತಂಗಿ ದಿನವೂ ಕೇಳುತ್ತಿದ್ದಳು, "ಅಕ್ಕಾ, ನಾ ಎಡಕ್ಕ ಇದ್ದೆ. ಸಾವಕಾಶನ ಬರಾಕತ್ತಿದ್ದೆ. ಎಲ್ಲಿ ತಪ್ಪಿದೆ ಹೇಳ." ನಾನು ಮಜ್ಜಿಗೆ ಲೋಟ ಅವಳ ಮುಂದಿಟ್ಟು ಎದ್ದು ಹೋಗುತ್ತಿದ್ದೆ. ಕೊನೆಗೆ ಅವಳೇ ಅಪ್ಪನಿಗೆ, "ಗಾಡಿ ಮಾರಿಬಿಡಪಾ, ನನಗ ಬರೂದಿಲ್ಲ" ಅಂದಳು.

ಕೊಳ್ಳುವವನು ಬಂದ. ಅಂಗಳದಲ್ಲಿ ಗಾಡಿ ಚಾಲೂ ಮಾಡಿ, "ಪಾಪ, ಕಲಿಯೂದಕ್ಕ ಮೊದಲ ಬಿದ್ದಳಂತ" ಎಂದು ನಕ್ಕ. ಆ ನಗುವನ್ನು ನನ್ನಿಂದ ಸಹಿಸಲಾಗಲಿಲ್ಲ.

"ಆಕಿ ಕಲತಾಳ್ರಿ! ಕಲ್ಲ ಇಟ್ಟಾಕಿ ನಾನು. ಯಾರಿಗೂ ಕಾಣದಂಗ ತಗ್ಗಿಗೆ ಉಳ್ಳಿಸಿದಾಕಿನೂ ನಾನ."

ಅಪ್ಪ ನನ್ನನ್ನು ಬೈಯಲಿಲ್ಲ. "ಇರ್ಲಿ ಬಿಡವಾ, ಊರಾಗ ಯಾರು ಇಡೂದಿಲ್ಲ?" ಅಂದ. ಬೈದಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಊರೆಲ್ಲ ಇಟ್ಟರೆ ಕಲ್ಲು ಮೆತ್ತಗಾಗುತ್ತದೆಯೇ? ನಿಯಮ ಪಾಲಿಸಿದವಳ ಕೈ ಮುರಿಯಿತು. ನಿಯಮ ಗೊತ್ತಿದ್ದೂ ಮುರಿದ ನನಗೆ ಸಮಾಧಾನದ ಮಾತು!

ತಂಗಿ ಒಳಗಿನಿಂದ ಬಂದು, ಎಡಗೈಯಲ್ಲಿ ಗಾಡಿ ಬಂದ್ ಮಾಡಿ ಕೀಲಿ ಕಿತ್ತುಕೊಂಡಳು. "ಮಾರೂದಿಲ್ರಿ," ಅಂದಳು ಅವನಿಗೆ. ನನ್ನ ಕಡೆ ನೋಡಲಿಲ್ಲ.

ಈಗ ಕೈ ಕೂಡಿದೆ. ಕಾಲೇಜಿಗೆ ಗಾಡಿಯಲ್ಲೇ ಹೋಗುತ್ತಾಳೆ. ನನ್ನ ಜೊತೆ ಬೇಕಾದಷ್ಟೇ ಮಾತು. ಹೆಚ್ಚು ಕೇಳುವ ಮುಖ ನನಗಿಲ್ಲ.