ಪ್ರೆಸ್ಸಿನ ಪಟ್ಟಿಗಳು

ಕೆಂಪು ಮಣಿಗಳು ನೀಲಿ ಮಣಿಗಳ ಮೂರರಷ್ಟಿವೆ. ಎರಡೂ ಸೇರಿ ನಲವತ್ತೆಂಟು. ನೀಲಿ ಎಷ್ಟು? ಇಂಥ ಲೆಕ್ಕ ಕೊಟ್ಟರೆ ಮಕ್ಕಳು ‘ಮೂರು’ ಎಂದು ಕೇಳಿದ ಕೂಡಲೇ ನಲವತ್ತೆಂಟನ್ನು ಮೂರರಿಂದ ಭಾಗಿಸಿಬಿಡುತ್ತಾರೆ. ಮುಂಬಯಿಯ ಮಲಾಡಿನ ಒಂದು ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆಗೆ ಕಲಿಸುತ್ತಿದ್ದ ನೀಲಾವತಿ ಇದಕ್ಕಾಗಿ ಕಾಗದದ ಪಟ್ಟಿಗಳನ್ನು ಹಂಚುತ್ತಿದ್ದರು. ನೀಲಿಗೆ ಒಂದು ಪಟ್ಟಿ. ಅದರ ಕೆಳಗೆ, ಎಡತುದಿ ಸರಿಹೊಂದಿಸಿ, ಅಷ್ಟೇ ಉದ್ದದ ಮೂರು ಪಟ್ಟಿ ಕೆಂಪಿಗೆ. ಬೆಂಚಿನ ಮೇಲೆ ಈಗ ನಾಲ್ಕು ತುಂಡುಗಳಿವೆ; ಭಾಗಿಸಬೇಕಾದದ್ದು ನಾಲ್ಕರಿಂದ ಎಂಬುದನ್ನು ಮಕ್ಕಳು ತಾವೇ ಕಾಣುತ್ತಿದ್ದರು.

ಪಟ್ಟಿಗಳನ್ನು ತರುತ್ತಿದ್ದವರು ಗಂಡ ಈರಣ್ಣ. ಒಂದು ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಮಶೀನು ನಡೆಸುತ್ತಿದ್ದ ಅವರು, ಪುಸ್ತಕದ ಅಂಚಿನಿಂದ ಬಿದ್ದ ಕಾಗದದಲ್ಲಿ ಒಂದೇ ಅಗಲದವನ್ನು ಆರಿಸಿ, ದಾರ ಕಟ್ಟಿ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ದಹಿಸರ್‌ನ ಮನೆಯವರೆಗೆ ಎದೆಗೆ ಅವಚಿಕೊಂಡು ತರುತ್ತಿದ್ದರು. “ತಗೋ ನಿನ್ನ ಮಣಿ. ಒಂದೂ ಮಡಚಿಲ್ಲ ನೋಡು. ನನ್ನ ಅಂಗಿ ಅಷ್ಟ ಹರದೈತಿ” ಎಂದು ನಗುತ್ತಿದ್ದರು.

೧೯೭೧ರ ದೀಪಾವಳಿಗೆ ಮೊದಲು ಈರಣ್ಣ ಕಾಮಾಲೆಯಿಂದ ತೀರಿಕೊಂಡರು. ಅವರು ಕೊನೆಯ ಸಲ ತಂದ ಕಟ್ಟು ಬಿಚ್ಚದೆ ಕಪಾಟಿನ ಮೇಲೆಯೇ ಉಳಿಯಿತು.

ರಜೆ ಮುಗಿದ ಮೇಲೆ ನೀಲಾವತಿ ಶಾಲೆಗೆ ಬಂದರು. ಅಳಲಿಲ್ಲ. ಅಳು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ರೈಲಿನಲ್ಲಿ ಬೋರಿವಲಿ, ಕಾಂದಿವಲಿ ಸ್ಟೇಷನ್ನುಗಳು ಬಂದು ಹೋದದ್ದು ತಿಳಿಯುತ್ತಿರಲಿಲ್ಲ. ಮಲಾಡಿನಲ್ಲಿ ಕಾಲು ತಾನಾಗಿ ಇಳಿಯುತ್ತಿತ್ತು. ಕಲಿಸುವುದೂ ಹಾಗೆಯೇ ನಡೆಯಿತು. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವರು ಮಕ್ಕಳಿಂದ ಪಟ್ಟಿಗಳನ್ನು ವಾಪಸು ತೆಗೆದುಕೊಂಡು, ಅವುಗಳ ಬದಲು ಸ್ಲೇಟು ಪಾಟಿಯ ಮೇಲೆ ಪಟ್ಟಿಯಾಕಾರದ ಉದ್ದುದ್ದ ಡಬ್ಬಿ ಬರೆದು ಲೆಕ್ಕ ಮಾಡುವುದನ್ನು ಕಲಿಸುತ್ತಿದ್ದರು. ಪರೀಕ್ಷೆಗೆ ಹೊರಗಿನ ಕಾಗದ ಒಯ್ಯುವಂತಿಲ್ಲವಲ್ಲ. ಈ ಸಲ ಸಂಕ್ರಾಂತಿ ಬಂದು ಹೋದದ್ದೂ ಅವರ ಗಮನಕ್ಕೆ ಬರಲಿಲ್ಲ. ಪಟ್ಟಿಗಳು ಮಕ್ಕಳ ಬಳಿಯೇ ಉಳಿದವು; ಡಬ್ಬಿಯ ಪಾಠ ಆಗಲೇ ಇಲ್ಲ.

ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂರುವವರಲ್ಲಿ ಸೋಮವ್ವನೂ ಒಬ್ಬಳು. ಅವಳ ಅಪ್ಪ ಮರೆಪ್ಪ ವಿಜಾಪುರದ ಕಡೆಯವನು, ಬಿಲ್ಡಿಂಗ್ ಕೆಲಸದವನು. ಪರೀಕ್ಷೆಗೆ ಮುಂಚೆ ಒಂದು ದಿನ ಶಾಲೆಯ ಗೇಟಿನಲ್ಲಿ ನಿಂತು ಕಾದಿದ್ದ.

“ಅಕ್ಕೋರ, ಇಲ್ಲಿ ಬಿಲ್ಡಿಂಗ್ ಮುಗೀತ್ರಿ. ಮುಂದಿನ ಕೆಲಸ ಮುಲುಂಡಿನಾಗ. ಈಕಿನ್ನೂ ಕರ್ಕೊಂಡ ಹೊಂಟೇವಿ.”

“ಸಾಲಿ?”

“ಅಲ್ಲೆಲ್ಲಿ ಕನ್ನಡ ಸಾಲಿ ಹುಡಕೂದ್ರಿ? ಅವ್ವನ ಜೋಡಿ ಇಟ್ಟಂಗಿ ಹೊರತಾಳ.” ಅವನು ತಲೆ ಕೆರೆದುಕೊಂಡ. “ನಮ್ಮಕ್ಕ ಇಲ್ಲೇ ಮಲಾಡದಾಗ ಇದ್ದಾಳ್ರಿ. ಸ್ಕಾಲರ್‌ಶಿಪ್ ಬಂದ್ರ ಆಕಿ ಇಟ್ಕೋತಾಳಂತ. ಇಲ್ಲಂದ್ರ, ‘ಕಾಗದಾ ಹಾಸಿ ಆಟ ಆಡಾಕಿನ್ನ ನಾ ಯಾಕ ಸಾಕಲಿ’ ಅಂತಾಳ.”

“ಪರೀಕ್ಷಾ ಆಗ್ಲಿ” ಎಂದರು ನೀಲಾವತಿ.

ಪರೀಕ್ಷೆ ಇದ್ದದ್ದು ಬೇರೆ ಶಾಲೆಯಲ್ಲಿ. ನೀಲಾವತಿ ಮಕ್ಕಳನ್ನು ಒಳಗೆ ಬಿಟ್ಟು ವರಾಂಡದಲ್ಲಿ ಕುಳಿತಿದ್ದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕರೆ ಬಂತು. ಮೇಲ್ವಿಚಾರಕಿ ರುಕ್ಮಿಣಿಬಾಯಿ ಸೋಮವ್ವನ ಬೆಂಚಿನ ಪಕ್ಕ ನಿಂತಿದ್ದರು. ಅವರ ಮುಷ್ಟಿಯಲ್ಲಿ ಕಾಗದದ ಪಟ್ಟಿಗಳು. ಅದನ್ನು ನೋಡಿದಾಗಲೇ ನೀಲಾವತಿಗೆ ಸಂಕ್ರಾಂತಿಯ ಪಾಠ ನೆನಪಾದದ್ದು.

“ಬಾಯಿ, ತುಮ್ಹಾರೀ ಲಡ್‌ಕೀ ಚಿಟ್ ಲಾಯೀ ಹೈ.” ನಿಮ್ಮ ಹುಡುಗಿ ನಕಲು ಚೀಟಿ ತಂದಿದ್ದಾಳೆ ಎಂದರು ರುಕ್ಮಿಣಿಬಾಯಿ.

“ಕುಛ್ ಲಿಖಾ ಹೈ ಕ್ಯಾ?” ಏನಾದರೂ ಬರೆದಿದೆಯೇ ಎಂದು ನೀಲಾವತಿ ಕೇಳಿದರು.

ರುಕ್ಮಿಣಿಬಾಯಿ ಪಟ್ಟಿಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದರು. ಎರಡೂ ಕಡೆ ಖಾಲಿ. ಇಷ್ಟು ವರ್ಷದ ನೌಕರಿಯಲ್ಲಿ ಬರೆದ ಚೀಟಿಗಳನ್ನು ಕಾಲರಿನಿಂದ, ಚಪ್ಪಲಿಯಿಂದ, ಜಡೆಯಿಂದ ತೆಗೆದಿದ್ದೇನೆ, ಖಾಲಿ ಚೀಟಿ ತಂದವರನ್ನು ಕಂಡಿಲ್ಲ ಎಂದರು. ಲೆಕ್ಕ ಮಾಡಲು ಇಟ್ಟುಕೊಳ್ಳುವ ಪಟ್ಟಿಗಳಿವು ಎಂದು ನೀಲಾವತಿ ಹೇಳಿದರು. ರುಕ್ಮಿಣಿಬಾಯಿಯ ಮುಖ ಸಡಿಲವಾಯಿತು. ಆದರೂ ಹೊರಗಿನ ಕಾಗದ ಹೊರಗಿನ ಕಾಗದವೇ. ಹುಡುಗಿ ಬರೆಯಲಿ, ಪಟ್ಟಿ ಕೊಡುವುದಿಲ್ಲ. ಮತ್ತು ನೀವು ಅವಳ ಜೊತೆ ಕನ್ನಡದಲ್ಲಿ ಏನೂ ಮಾತಾಡಬಾರದು ಎಂದರು.

ನೀಲಾವತಿ ಹೊರಗೆ ಬಂದು ಕಿಟಕಿಯ ಹತ್ತಿರ ನಿಂತರು. ಸೋಮವ್ವ ಎರಡು ಅಂಗೈಗಳನ್ನೂ ಬೆಂಚಿನ ಮೇಲೆ ಚಾಚಿ ಅದರ ಖಾಲಿ ಹಲಗೆಯನ್ನು ನೋಡುತ್ತ ಕುಳಿತಿದ್ದಳು. ಉಳಿದ ಮಕ್ಕಳ ಪೆನ್ಸಿಲ್ ಓಡುತ್ತಿತ್ತು. ಇವಳದು ಬಿದ್ದೇ ಇತ್ತು. ತಾನು ಕಲಿಸದೆ ಬಿಟ್ಟದ್ದು ಆ ಹಲಗೆಯ ಮೇಲೆ ಕಾಣುತ್ತಿದೆ ಎಂದು ನೀಲಾವತಿಗೆ ಗೊತ್ತಿತ್ತು. ಗೊತ್ತಿತ್ತು, ಅಷ್ಟೇ; ನೋಯಬೇಕಾದ್ದು ನೋಯಲಿಲ್ಲ.

ಆಮೇಲೆ ಸೋಮವ್ವ ಬೆರಳಿನಿಂದ ಹಲಗೆಯ ಮೇಲೆ, ಪಟ್ಟಿ ಇದ್ದರೆ ಎಲ್ಲಿರುತ್ತಿತ್ತೋ ಅಲ್ಲಿ, ಸುತ್ತಲೂ ಸವರಿದಳು. ಇನ್ನೊಮ್ಮೆ ಸವರಿದಳು. ಪೆನ್ಸಿಲ್ ಎತ್ತಿಕೊಂಡು ಪ್ರಶ್ನೆಪತ್ರಿಕೆಯ ಮೇಲೆ ಬಗ್ಗಿದಳು.

ಗಂಟೆ ಹೊಡೆದ ಮೇಲೆ ಓಡಿ ಬಂದವಳು ಮೊದಲು ಅದನ್ನೇ ತೋರಿಸಿದಳು. ಚಿಕ್ಕುವಿಗಿಂತ ಮಾವು ಎಂಟು ಹೆಚ್ಚು, ಎರಡೂ ಸೇರಿ ಮೂವತ್ತಾರು ಎಂಬ ಲೆಕ್ಕದ ಪಕ್ಕದಲ್ಲಿ ಎರಡು ಸೊಟ್ಟ ಡಬ್ಬಿಗಳಿದ್ದವು. ಎಡತುದಿ ಸರಿಯಾಗಿತ್ತು. ಕೆಳಗಿನ ಡಬ್ಬಿಯಲ್ಲಿ ಹೊರಗೆ ಚಾಚಿದ ಭಾಗವನ್ನು ಪೆನ್ಸಿಲಿನಿಂದ ತಿಕ್ಕಿ ಕಪ್ಪು ಮಾಡಿದ್ದಳು.

“ಪಟ್ಟಿ ಕಸಗೊಂಡ್ರಲ್ರಿ ಅಕ್ಕೋರ, ಅದಕ್ಕ ಬರದೆ. ಬೈತಾರೇನ್ರಿ?”

“ಇಲ್ಲ. ಎಷ್ಟ ಬಂತು?”

“ಕರೇದು ಎಂಟು ತಗದೆ. ಇಪ್ಪತ್ತೆಂಟು ಉಳೀತು. ಎರಡೂ ಸಮಾ ಆದೂವು. ಚಿಕ್ಕು ಹದಿನಾಕು.”

“ಮಾವು?”

“ಇಪ್ಪತ್ತೆರಡು.”

“ಕೂಡ್ಸು.”

“ಮೂವತ್ತಾರ್ರಿ!”

“ಸರಿ ಐತಿ” ಎಂದು ನೀಲಾವತಿ ಪ್ರಶ್ನೆಪತ್ರಿಕೆಯನ್ನು ಮರಳಿ ಕೊಟ್ಟರು. ಹೊರಡುವಾಗ ರುಕ್ಮಿಣಿಬಾಯಿ ಪಟ್ಟಿಗಳನ್ನು ತಂದು ಅವರ ಕೈಗಿಟ್ಟರು. ಮುಷ್ಟಿಯಲ್ಲಿ ಹಿಡಿದು ಹಿಡಿದು ಎಲ್ಲ ಮುದುಡಿಹೋಗಿದ್ದವು.

ಫಲಿತಾಂಶದಲ್ಲಿ ಸೋಮವ್ವನ ಹೆಸರಿತ್ತು. ಮರೆಪ್ಪ ಮಾತಿಗೆ ತಪ್ಪಲಿಲ್ಲ. ಮಗಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಮುಲುಂಡಿಗೆ ಹೋದ. ಸಹಶಿಕ್ಷಕಿಯರು ಬಂದು ಹೇಳಿದಾಗ ನೀಲಾವತಿ “ಹೌದಾ” ಎಂದರು. ಸಂತೋಷವಾಯಿತೇ ಎಂದು ತಮ್ಮನ್ನೇ ಕೇಳಿಕೊಂಡರು.

ಜೂನ್‌ನಲ್ಲಿ ಹೊಸ ಮಕ್ಕಳು ಬಂದರು. ಹಳೆಯ ಪಟ್ಟಿಗಳು ಹರಿದಿದ್ದವು, ಮುದುಡಿದ್ದವು. ನೀಲಾವತಿ ಕರಿಹಲಗೆಯ ಮೇಲೆ ನೇರವಾಗಿ ಡಬ್ಬಿಗಳನ್ನೇ ಬರೆದು ನೋಡಿದರು. ಮಕ್ಕಳು ಅದನ್ನು ಚೆಂದವಾಗಿ ನಕಲು ಮಾಡಿಕೊಂಡು, ನಲವತ್ತೆಂಟನ್ನು ಮೂರರಿಂದ ಭಾಗಿಸಿದರು. ಸೋಮವ್ವನ ಬೆರಳು ಮೊದಲು ಪಟ್ಟಿಯನ್ನು ಮುಟ್ಟಿತ್ತು. ಇಲ್ಲದ ಪಟ್ಟಿಯ ಸುತ್ತ ಸವರಲು ಬಂದದ್ದು ಅದರಿಂದಲೇ.

ಅಂದು ಸಂಜೆ ಅವರು ಸ್ಟೂಲು ಹತ್ತಿ ಕಪಾಟಿನ ಮೇಲಿನ ಕಟ್ಟನ್ನು ಇಳಿಸಿದರು. ಈರಣ್ಣನ ಗಂಟು ಉಗುರಿಗೆ ಬಗ್ಗಲಿಲ್ಲ. ಬ್ಲೇಡಿನಿಂದ ಕತ್ತರಿಸಬೇಕಾಯಿತು. ಪಟ್ಟಿಗಳು ಒಂದೂ ಮಡಚಿರಲಿಲ್ಲ.

ಮರುದಿನ ಹಂಚುವಾಗ ಮುಂದಿನ ಬೆಂಚಿನ ಹುಡುಗಿ ತನ್ನ ಪಟ್ಟಿಯನ್ನು ಮೂಗಿಗೆ ಹಿಡಿದು ಕೇಳಿದಳು: “ಅಕ್ಕೋರ, ಇವು ನಮಗ ಇರ್ತಾವೇನ್ರಿ?”

“ಸಂಕ್ರಮಣದ ತನಕ” ಎಂದರು ನೀಲಾವತಿ. “ಎಡಗಡೆ ತುದಿ ಸರಿ ಮಾಡಿ ಇಡು.”