ದಿಂಬಿನ ಮೇಲೊಂದು ಪೂರ್ಣವಿರಾಮ

ಮುದ್ರಣಾಲಯದಲ್ಲಿ ಅಚ್ಚಿನ ಕರಡು ತಿದ್ದುವ ಅವರನ್ನು ಎಲ್ಲರೂ ಪ್ರೂಫಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಅಚ್ಚಾದದ್ದು ಮದುವೆಯ ಕರೆಯೋಲೆಯಲ್ಲಿ ಮಾತ್ರ, ಅದೂ ತಪ್ಪಾಗಿ.

ಪರದೇಶದಲ್ಲಿ ನರ್ಸ್ ಆಗಿದ್ದ ಮಗಳು ಆರು ತಿಂಗಳು ಇದ್ದು ಹೋಗಿ ಎಂದು ಕರೆದಾಗ, ಪ್ರೂಫಪ್ಪನವರು ಒಂದು ಕಾದಂಬರಿಯ ಹಸ್ತಪ್ರತಿಯನ್ನು ಚೀಲಕ್ಕೂ ಅಚ್ಚಿನ ಪುಟಗಳನ್ನು ಲ್ಯಾಪ್‌ಟಾಪಿಗೂ ತುಂಬಿಕೊಂಡೇ ವಿಮಾನ ಹತ್ತಿದರು. ಅತ್ತ ಹೋದವರು ಕೆಲಸ ಮಾಡಿದ್ದನ್ನು ತಾವು ಕಂಡಿಲ್ಲ, ಶುಕ್ರವಾರದೊಳಗೆ ತಿದ್ದಿದ ಪುಟಗಳು ಬರದಿದ್ದರೆ ಮುಂದಿನ ಪುಸ್ತಕಗಳೆಲ್ಲ ಬೇರೆಯವರಿಗೆ ಎಂದು ಮಾಲೀಕರು ಮೊದಲೇ ಖಡಾಖಂಡಿತವಾಗಿ ಹೇಳಿದ್ದರು.

ಕೆಲಸದ ಕ್ರಮ ಹಳೆಯದು. ಪ್ರೂಫಪ್ಪನವರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು. ಎದುರು ಕುಳಿತವರು ಅಚ್ಚಿನ ಪುಟ ನೋಡುತ್ತ "ಹೂಂ" ಎನ್ನಬೇಕು. ಯಂತ್ರಗಳ ಗದ್ದಲದಲ್ಲಿ ಓದಿ ಓದಿ ಅವರ ದನಿ ಊರಾಚೆಗೂ ಕೇಳುವಷ್ಟಾಗಿತ್ತು. ಪೂರ್ಣವಿರಾಮ ಬಂದರೆ ಮೇಜಿಗೊಂದು ಗುದ್ದು, ಪ್ಯಾರಾ ಮುಗಿದರೆ ಎರಡು. ಇಲ್ಲಿ, ಮಗಳ ಫ್ಲಾಟಿನಲ್ಲಿ, ಎದುರು ಕುಳಿತವಳು ಜೊತೆಗೆ ಬಂದ ಹೆಂಡತಿ.

ಕಾದಂಬರಿಯ ತುಂಬ ಅಣ್ಣತಮ್ಮಂದಿರ ಜಗಳ. ಫ್ಲಾಟಿನ ಗೋಡೆಗಳೋ ಈರುಳ್ಳಿ ಸಿಪ್ಪೆಯಷ್ಟು ತೆಳು. ಕನ್ನಡ ಬಾರದ ಪಕ್ಕದ ಮನೆಯ ಅಜ್ಜಿಗೆ ಕೇಳಿಸಿದ್ದಿಷ್ಟು: ಗಂಡಸಿನ ಅಬ್ಬರ, ಧಡ್ಡೆಂಬ ಪೆಟ್ಟು, ಆಮೇಲೆ ಹೆಂಗಸಿನ ಬಡಪಾಯಿ "ಹೂಂ". ಎರಡನೆಯ ದಿನ ಆಕೆ ಬಾಗಿಲು ತಟ್ಟಿ, ಪ್ರೂಫಪ್ಪನವರನ್ನು ಸುಟ್ಟುಬಿಡುವಂತೆ ನೋಡಿ, ಹೆಂಡತಿಯ ಕೈಹಿಡಿದು ತನ್ನ ಮನೆಗೆ ಕರೆದೊಯ್ದಳು.

ಸಂಜೆ ಕೆಲಸದಿಂದ ಬಂದ ಮಗಳು ಅಲ್ಲಿಗೆ ಹೋಗಿ ನೋಡಿದರೆ, ಅಮ್ಮ ಮೆತ್ತನೆ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿದ್ದಾಳೆ.

"ಅಪ್ಪ ನಿಂಗೆ ಹೊಡೀತಾರೆ ಅಂದ್ಕೊಂಡಿದಾರಮ್ಮ ಇವರು. ಇಲ್ಲ ಅಂತ ತಲೆನಾದ್ರೂ ಆಡಿಸಬಾರದಿತ್ತಾ?"

"ಆಡಿಸೋಣ ಅಂತಲೇ ಇದ್ದೆ. ಅಷ್ಟರಲ್ಲಿ ಕಾಫಿ ಬಂತು. ಮದುವೆಯಾದ ಮೇಲೆ ಕೂತಲ್ಲಿಗೆ ಕಾಫಿ ಬಂದಿದ್ದು ಇದೇ ಮೊದಲು ಕಣೇ."

ಮಗಳು ಅಜ್ಜಿಗೆ ಎಲ್ಲ ಬಿಡಿಸಿ ಹೇಳಿದಳು. ಅಜ್ಜಿ ನಂಬಿದ್ದು ಅರ್ಧ. ಮರುದಿನ ಪ್ರೂಫಪ್ಪನವರು ಪಿಸುಗುಟ್ಟುತ್ತ ಓದಿದರು; ಗುದ್ದಿಲ್ಲದೆ ವಾಕ್ಯ ಎಲ್ಲಿ ಮುಗಿಯಿತೆಂದು ತಿಳಿಯದೆ ಹೆಂಡತಿಗೆ ತೂಕಡಿಕೆ ಬಂದು, ಅರ್ಧ ಪುಟ ಹಾಗೆಯೇ ಹಾರಿಹೋಯಿತು. ಹೀಗಾದರೆ ಶುಕ್ರವಾರವೂ ಹೋಯಿತು, ಅನ್ನವೂ ಹೋಯಿತು ಎಂದು ಪ್ರೂಫಪ್ಪನವರು ತಲೆಮೇಲೆ ಕೈಹೊತ್ತು ಕುಳಿತರು. ಕೊನೆಗೆ ಮಗಳೇ ಸಂಧಾನ ಮಾಡಿದಳು: ಅಪ್ಪ ಮೊದಲಿನಂತೆಯೇ ಓದಲಿ, ಮೇಜಿನ ಮೇಲೊಂದು ದಿಂಬು ಇರಲಿ, ಇಬ್ಬರ ನಡುವೆ ಅಜ್ಜಿ ಕಾವಲು ಕೂರಲಿ.

ಅಜ್ಜಿ ಹೆಣಿಗೆ ಹಿಡಿದು ಬಂದು ಕುಳಿತಳು. ಮೊದಲ ಗುದ್ದಿಗೆ ಎದ್ದು ನಿಂತಳು. ಮಧ್ಯಾಹ್ನದ ಹೊತ್ತಿಗೆ ಗುದ್ದು ಬೀಳುವ ಮೊದಲೇ ತಲೆದೂಗತೊಡಗಿದಳು.

ಗುರುವಾರ ಕೊನೆಯ ಪುಟ. ಅಣ್ಣತಮ್ಮಂದಿರು ಒಂದಾದರು. ಕೊನೆಯ ವಾಕ್ಯವನ್ನು ಪ್ರೂಫಪ್ಪನವರು ಹೇಗೋ ಓದಿದರು, ಆದರೆ ಕೈ ಕನ್ನಡಕ ಒರೆಸುವುದರಲ್ಲಿತ್ತು. ಹೆಂಡತಿ ಕಾದಳು. ಅಜ್ಜಿ ಇಬ್ಬರನ್ನೂ ನೋಡಿ, ಹೆಣಿಗೆಯನ್ನು ಕೆಳಗಿಟ್ಟು, ದಿಂಬಿಗೆ ಎರಡು ಗುದ್ದು ಹಾಕಿದಳು.

"ಹೂಂ," ಎಂದಳು ಹೆಂಡತಿ.

ತಿದ್ದಿದ ಪುಟಗಳು ಅಂದೇ ಹೋದವು; ಮಾಲೀಕರು ಮುಂದಿನ ಪುಸ್ತಕ ಕಳಿಸಿದರು.

"ರೀ, ಇದರಲ್ಲೂ ಜಗಳ ಇದೆ ತಾನೇ?" ಎಂದು ಹೆಂಡತಿ ಕಾಫಿಯ ಆಸೆಯಿಂದ ಪಕ್ಕದ ಗೋಡೆಯತ್ತ ನೋಡಿದಳು.